ಕತ್ತಲಲ್ಲಿ ಪ್ರಾಣಿ ನೋಡಲು ಬೈನಾಕ್ಯುಲರ್: ಝೂಮ್ ಬಿಡಿ, ದೀಪ ನೋಡಿ

ಗೆಳೆಯರೊಬ್ಬರು ಹೊಸ ನೈಟ್ ವಿಷನ್ ಬೈನಾಕ್ಯುಲರ್ ಹಿಡಿದು ನೀರಿನ ಹೊಂಡದ ಬಳಿ ಕೂತಿದ್ದರು. ಪಕ್ಕದಲ್ಲಿ ನಾನೂ ಇದ್ದೆ. ಜಿಂಕೆಗಳು ನೀರು ಕುಡಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಹೆಚ್ಚೆಂದರೆ ನಲವತ್ತು ಮೀಟರ್ ದೂರ. ಅವರ ಪರದೆಯ ಮೇಲೆ ಮಾತ್ರ ಹಾಲು ಚೆಲ್ಲಿದಂತೆ ಬರೀ ಬಿಳುಪು. ಡಬ್ಬಿಯ ಮೇಲೆ ‘ಸಾವಿರ ಮೀಟರ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕಾಲು ಗಂಟೆ ಗುಂಡಿಗಳನ್ನೆಲ್ಲ ಒತ್ತಿ ನೋಡಿ, ‘ಇದು ಕೆಟ್ಟಿದೆ’ ಎಂದು ಚೀಲಕ್ಕೆ ಹಾಕಿಬಿಟ್ಟರು. ಅದು ಕೆಟ್ಟಿರಲಿಲ್ಲ. ಅದರಲ್ಲೇ ಇರುವ ಇನ್‌ಫ್ರಾರೆಡ್ ದೀಪದ, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕು ಚೆಲ್ಲುವ ದೀಪದ, ಬೆಳಕು ನಮ್ಮ ಮುಂದಿದ್ದ ಹುಲ್ಲಿಗೆ ಬಡಿದು ಲೆನ್ಸಿಗೇ ವಾಪಸ್ ಬರುತ್ತಿತ್ತು.

ಇಂಥದ್ದನ್ನು ಹಲವು ಸಲ ಕಂಡಿದ್ದೇನೆ. ಜನ ಝೂಮ್ ಕೇಳಿ ಕೊಳ್ಳುತ್ತಾರೆ, ಮೀಟರ್ ಲೆಕ್ಕ ನೋಡಿ ಕೊಳ್ಳುತ್ತಾರೆ. ದೀಪ ಎಂಥದ್ದು ಎಂದು ವಿಚಾರಿಸುವವರು ಅಪರೂಪ. ಕಡಿಮೆ ದುಡ್ಡಿನ ಉಪಕರಣದಲ್ಲಿ ರಾತ್ರಿಯ ನೋಟ ಕೈಗೂಡುವುದೂ ಕೈಕೊಡುವುದೂ ಆ ದೀಪದಿಂದಲೇ.

ಹಂತ 1: ದೂರ ಅಳೆಯಿರಿ

ಹಗಲಲ್ಲೇ, ನೀವು ಕೂರುವ ಜಾಗದಿಂದ ಪ್ರಾಣಿ ಬರುವ ಜಾಗಕ್ಕೆ ಹೆಜ್ಜೆ ಎಣಿಸುತ್ತ ನಡೆದು ನೋಡಿ. ಆ ಲೆಕ್ಕವನ್ನು ಮೀಟರಿಗೆ ತಿರುಗಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಮನಸ್ಸು ಸಾವಿರ ಮೀಟರ್ ಕಡೆ ಎಳೆದಾಗ ಅದೇ ನಿಮ್ಮನ್ನು ಕಾಯುತ್ತದೆ.

ಮುಸ್ಸಂಜೆ ಮತ್ತು ಬೆಳ್ದಿಂಗಳಷ್ಟೇ ಸಾಕು ಎನ್ನುವವರಿಗೆ ನೈಟ್ ವಿಷನ್ ಬೇಕಾಗಿಯೇ ಇಲ್ಲ. 7x50 ಅಥವಾ 8x42 ಎಂದು ಬರೆದಿರುವ ಸಾಧಾರಣ ಬೈನಾಕ್ಯುಲರ್ ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. 7x50ರಲ್ಲಿ ಅದು ಸುಮಾರು 7, 10x25ರಲ್ಲಿ ಬರೀ 2.5. ಕತ್ತಲಲ್ಲಿ ಎಳೆಯರ ಕಣ್ಣಪಾಪೆ ಸುಮಾರು 7 ಮಿಲಿಮೀಟರಿನವರೆಗೆ ಹಿಗ್ಗುತ್ತದೆ, ವಯಸ್ಸಾದಂತೆ 5ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ನಡುವಯಸ್ಸು ದಾಟಿದವರಿಗೆ 8x42 ಧಾರಾಳವಾಯಿತು. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಆ ಅವಧಿಯಲ್ಲಿ ಮೊಬೈಲ್ ತೆಗೆಯಬೇಡಿ.

ಹಂತ 2: ಯಾವ ಬಗೆ?

ಮೂರು ಬಗೆಗಳಿವೆ. ಮೊದಲನೆಯದು ಹಳೆಯ ಕ್ರಮದ ಟ್ಯೂಬ್. ಇದ್ದ ಚೂರುಪಾರು ಬೆಳಕನ್ನೇ ಹಲವು ಪಟ್ಟು ಹೆಚ್ಚಿಸಿ ಹಸಿರು ಚಿತ್ರ ತೋರಿಸುತ್ತದೆ. ಕೈಗೆಟಕುವ ಬೆಲೆಯಲ್ಲಿ ಸಿಗುವುದು ‘ಮೊದಲ ತಲೆಮಾರಿನ’ ಟ್ಯೂಬ್ ಮಾತ್ರ. ಅದರ ಅಂಚಿನಲ್ಲಿ ಚಿತ್ರ ಕಲಸಿಹೋಗುತ್ತದೆ, ಜೋರು ಬೆಳಕು ಬಿದ್ದರೆ ಟ್ಯೂಬೇ ಹಾಳಾಗಬಹುದು. ಇದನ್ನು ಕೊಳ್ಳಬೇಡಿ.

ಎರಡನೆಯದು ಥರ್ಮಲ್. ಇದಕ್ಕೆ ಬೆಳಕೇ ಬೇಡ, ಮೈಶಾಖವನ್ನು ಚಿತ್ರವಾಗಿಸುತ್ತದೆ. ಪೊದೆಯ ಸಂದಿಯಲ್ಲಿ ಕೂತ ಮೊಲವನ್ನು ಹುಡುಕಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಾಣುವುದು ಬೆಚ್ಚಗಿನ ಆಕಾರ ಮಾತ್ರ. ಮೈಮೇಲಿನ ಚುಕ್ಕೆಯಾಗಲಿ, ಕಣ್ಣಿನ ಭಾವವಾಗಲಿ ಸಿಗದು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಮನೆಯೊಳಗೆ ಕೂತು ಹೊರಗೆ ನೋಡುವವರಿಗೆ ಇದು ಪೂರ್ತಿ ನಿರುಪಯೋಗಿ.

ಮೂರನೆಯದು ಡಿಜಿಟಲ್. ಒಳಗೊಂದು ಕ್ಯಾಮೆರಾ ಸೆನ್ಸರ್, ಪುಟ್ಟ ಪರದೆ, ಹೊರಗೆ ಇನ್‌ಫ್ರಾರೆಡ್ ದೀಪ. ಪ್ರಾಣಿಯನ್ನು ಹುಡುಕುವುದಷ್ಟೇ ಅಲ್ಲ, ಅದರ ನಡೆನುಡಿ ನೋಡಬೇಕು ಎಂಬವರು ಇದನ್ನೇ ಕೊಳ್ಳಿ. ಎರಡು ಕೊಳವೆ ಕಂಡ ಮಾತ್ರಕ್ಕೆ ಎರಡು ಕಣ್ಣಿಗೆ ಎರಡು ನೋಟ ಎಂದುಕೊಳ್ಳಬೇಡಿ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಒಂದು ಕೊಳವೆಯಲ್ಲಿ ಲೆನ್ಸ್, ಇನ್ನೊಂದರಲ್ಲಿ ದೀಪ ಇರುತ್ತದೆ. ಎರಡು ಕಣ್ಣೂ ನೋಡುವುದು ಒಂದೇ ಪರದೆಯನ್ನು. ಅದರಿಂದ ತೊಂದರೆಯೇನಿಲ್ಲ.

ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು. ‘ಡೇ ಅಂಡ್ ನೈಟ್’ ಎಂದು ಬರೆದ, ಲೆನ್ಸಿನ ಮೇಲೆ ಕೆಂಪಗೆ ಮಿರುಗುವ ಲೇಪವಿರುವ ಬೈನಾಕ್ಯುಲರ್‌ಗಳು ರಾಶಿರಾಶಿಯಾಗಿ ಮಾರಾಟಕ್ಕಿವೆ. ಅವುಗಳಲ್ಲಿ ಸೆನ್ಸರ್ ಇಲ್ಲ, ದೀಪವಿಲ್ಲ, ಬ್ಯಾಟರಿ ಕೂರಿಸುವ ಜಾಗವೂ ಇಲ್ಲ. ಆ ಕೆಂಪು ಲೇಪ ಒಂದಿಷ್ಟು ಬೆಳಕನ್ನು ಹೊರಗೇ ತಿರುಗಿಸಿ ಕಳಿಸುವುದರಿಂದ ಕತ್ತಲಲ್ಲಿ ಅವು ಇನ್ನೂ ಮಂಕು. ಬ್ಯಾಟರಿ ಇಲ್ಲದಿದ್ದರೆ ಅದು ನೈಟ್ ವಿಷನ್ ಅಲ್ಲವೇ ಅಲ್ಲ.

ಹಂತ 3: ಡಬ್ಬಿಯ ಮೇಲಿನ ಅಂಕಿಗಳನ್ನು ಇಳಿಸಿ ಓದಿ

‘ಇಷ್ಟು ದೂರ ಕಾಣುತ್ತದೆ’ ಎಂದು ಬರೆಯುವುದು ಸಾಮಾನ್ಯವಾಗಿ ಪತ್ತೆಯ ದೂರ. ಅಂದರೆ ಅಲ್ಲೇನೋ ಇದೆ ಎಂದು ಗೊತ್ತಾಗುವ ದೂರ. ಅಮೆರಿಕದ ಸೇನೆಯ ಸಂಶೋಧಕ ಜಾನ್ ಜಾನ್ಸನ್ 1958ರಲ್ಲಿ ಮುಂದಿಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ವಸ್ತುವಿನ ಮೇಲೆ ಸುಮಾರು 2 ಪಿಕ್ಸೆಲ್ (ಚಿತ್ರದ ಚುಕ್ಕೆ) ಬಿದ್ದರೆ ಪತ್ತೆ, 8 ಬಿದ್ದರೆ ಯಾವ ಜಾತಿಯ ವಸ್ತು ಎಂಬ ಅಂದಾಜು, 13 ಬಿದ್ದರೆ ಖಚಿತ ಗುರುತು. ಲೆಕ್ಕ ಹಾಕಿ: 600 ಮೀಟರ್ ‘ಪತ್ತೆ’ ಎಂದರೆ ಗುರುತು ಸಿಗುವುದು 100 ಮೀಟರಿನೊಳಗೆ. ಅದೂ ಗಾಳಿ ತಿಳಿಯಾಗಿದ್ದು ಬೆಳಕು ಸಾಕಷ್ಟಿದ್ದಾಗ. ಡಬ್ಬಿಯ ಅಂಕಿಯನ್ನು ಆರರಿಂದ ಭಾಗಿಸಿ, ಬಂದದ್ದನ್ನು ನಿಮ್ಮ ಚೀಟಿಯ ಜೊತೆ ಹೋಲಿಸಿ.

ಝೂಮ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಲೆನ್ಸಿನ ನಿಜವಾದ ವರ್ಧನೆ 3ರಿಂದ 4 ಪಟ್ಟು ಇದ್ದರೆ ಸಾಕು, 6 ದಾಟಬಾರದು. ವರ್ಧನೆ ಏರಿದಷ್ಟೂ ನೋಟದ ಹರವು ಕಿರಿದಾಗುತ್ತದೆ, ಓಡಾಡುವ ನರಿ ಪರದೆಯಿಂದ ಜಾರಿಹೋಗುತ್ತದೆ, ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ‘ಡಿಜಿಟಲ್ ಝೂಮ್’ ಇದ್ದ ಪಿಕ್ಸೆಲ್‌ಗಳನ್ನೇ ಹಿಗ್ಗಿಸುತ್ತದೆ, ಹೊಸ ವಿವರ ತರುವುದಿಲ್ಲ. ‘4ಕೆ’ ಎಂಬ ಪದಕ್ಕೂ ಮರುಳಾಗಬೇಡಿ. 4ಕೆ ಚಿತ್ರಕ್ಕೆ 83 ಲಕ್ಷ ಪಿಕ್ಸೆಲ್ ಬೇಕು. 20 ಲಕ್ಷ ಪಿಕ್ಸೆಲ್‌ನ ಸೆನ್ಸರ್ ಇಟ್ಟು, ಉಳಿದದ್ದನ್ನು ಊಹೆಯಿಂದ ತುಂಬಿ 4ಕೆ ಎಂದು ಮಾರುವವರು ಬಹಳ. ಸೆನ್ಸರಿನ ರೆಸಲ್ಯೂಷನ್ ಎಷ್ಟು, ಪರದೆಯದು ಎಷ್ಟು ಎಂದು ಎರಡನ್ನೂ ಪ್ರತ್ಯೇಕ ಕೇಳಿ.

ಲೆನ್ಸಿನ ಎಫ್ ಅಂಕಿಯನ್ನು ಮಾತ್ರ ಮನಸ್ಸಿಟ್ಟು ನೋಡಿ. ಎಫ್ 1.0 ಲೆನ್ಸ್ ಎಫ್ 1.4ಕ್ಕಿಂತ ಎರಡು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಹಂತ 4: ದೀಪ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

ಬೆಳಕನ್ನು ಅಳೆಯುವ ಮಾನ ಲಕ್ಸ್. ಹುಣ್ಣಿಮೆಯ ಬೆಳಕು ಸುಮಾರು 0.25 ಲಕ್ಸ್, ಚಂದ್ರನಿಲ್ಲದ ರಾತ್ರಿಯ ನಕ್ಷತ್ರದ ಬೆಳಕು 0.001 ಲಕ್ಸ್ ಆಸುಪಾಸು. ಅಗ್ಗದ ಸೆನ್ಸರ್ ಹುಣ್ಣಿಮೆಯಲ್ಲಿ ಹೇಗೋ ನಿಭಾಯಿಸುತ್ತದೆ. ಅಮಾವಾಸ್ಯೆಯಲ್ಲಿ ಅದಕ್ಕೆ ದೀಪವೇ ಗತಿ. ದೂರ ಇಮ್ಮಡಿಯಾದರೆ ಪ್ರಾಣಿಯ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 50 ಮೀಟರಿನಲ್ಲಿ ಚೆನ್ನಾಗಿ ಕಂಡದ್ದು 100 ಮೀಟರಿನಲ್ಲಿ ಮಸುಕಾಗುವುದು ಇದರಿಂದ.

ದೀಪಗಳಲ್ಲಿ 850 ನ್ಯಾನೋಮೀಟರ್ ಮತ್ತು 940 ನ್ಯಾನೋಮೀಟರ್ ಎಂದು ಎರಡು ಬಗೆ. ಇದು ಬೆಳಕಿನ ಅಲೆಯ ಉದ್ದ. 850ರ ಕಿರಣ ಸೆನ್ಸರಿಗೆ ಚೆನ್ನಾಗಿ ಕಾಣುತ್ತದೆ. ಆದರೆ ದೀಪದ ಮುಖದಲ್ಲಿ ಆರುತ್ತಿರುವ ಕೆಂಡದಂಥ ಮಂದ ಕೆಂಪು ಇರುತ್ತದೆ. ಎದುರಿಂದ ನೋಡಿದರೆ ನಮ್ಮ ಕಣ್ಣಿಗೂ ಅದು ಕಾಣುತ್ತದೆ. ಹತ್ತಿರದಲ್ಲಿ ದೀಪ ಹೊತ್ತಿದ ಕ್ಷಣ ಜಿಂಕೆ ತಲೆಯೆತ್ತಿ ನೇರ ನಮ್ಮತ್ತಲೇ ನೋಡಿದ್ದನ್ನು ಕಂಡಿದ್ದೇನೆ. 940ರಲ್ಲಿ ಆ ಕೆಂಪು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಸೆನ್ಸರಿನ ಗ್ರಹಿಕೆಯೂ ಗಣನೀಯವಾಗಿ ಕುಗ್ಗಿ ದೂರದ ನೋಟ ಮೊಟಕಾಗುತ್ತದೆ. ಇಪ್ಪತ್ತು ಮೂವತ್ತು ಮೀಟರಿನೊಳಗೆ ಮುಳ್ಳುಹಂದಿಯೋ ಮೊಲವೋ ಬರುವ ಜಾಗವಾದರೆ 940 ಕೊಳ್ಳಿ. ಅದಕ್ಕಿಂತ ದೂರವಾದರೆ 850. ಒಂದೇ ಕೊಳ್ಳುವುದಾದರೆ ನನ್ನ ಆಯ್ಕೆ 850, ಆದರೆ ಬೆಳಕನ್ನು ಹಂತಹಂತವಾಗಿ ತಗ್ಗಿಸಲು ಬರಬೇಕು. ಹೊತ್ತಿಸು, ಆರಿಸು ಎಂಬ ಎರಡೇ ಆಯ್ಕೆ ಇರುವುದನ್ನು ಮುಟ್ಟಬೇಡಿ.

ಬೆಳಕಿನ ಹರವನ್ನು ಹಿಗ್ಗಿಸಿ ಕುಗ್ಗಿಸಲು ಬರುತ್ತದೆಯೇ ನೋಡಿ. ನೋಟ ಕಿರಿದಾಗಿದ್ದು ಬೆಳಕು ಅಗಲವಾಗಿ ಹರಡಿದರೆ ಬಹುಪಾಲು ವ್ಯರ್ಥ. ಬೆಳಕು ಮೊನಚಾಗಿದ್ದು ನೋಟ ಅಗಲವಿದ್ದರೆ ಪರದೆಯ ನಡುವೆ ಕಣ್ಣು ಕೋರೈಸುವ ಬಿಳಿ ವೃತ್ತ, ಸುತ್ತ ಕಗ್ಗತ್ತಲು.

ಇನ್ನು ಆ ಹಾಲಿನಂಥ ಬಿಳುಪಿನ ವಿಷಯ. ದೀಪ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಹುಲ್ಲು, ಎಲೆ, ಮಂಜಿನ ಹನಿ, ಕಿಟಕಿಯ ಗಾಜು ಎಲ್ಲವೂ ಬೆಳಕನ್ನು ನೇರ ವಾಪಸ್ ಎಸೆಯುತ್ತವೆ. ಹಸಿರೆಲೆ ಇನ್‌ಫ್ರಾರೆಡ್ ಬೆಳಕನ್ನು ಬಹಳ ಜೋರಾಗಿ ಹಿಂತಿರುಗಿಸುತ್ತದೆ. ಅದಕ್ಕೇ ಪರದೆಯಲ್ಲಿ ಗಿಡಗಳೆಲ್ಲ ಸುಣ್ಣ ಬಳಿದಂತೆ ಕಾಣುವುದು. ಕ್ಯಾಮೆರಾ ಆ ಬಿಳುಪನ್ನು ನೋಡಿ ಒಟ್ಟು ಚಿತ್ರದ ಹೊಳಪನ್ನು ತಗ್ಗಿಸುತ್ತದೆ, ಹಿಂದಿನ ಜಿಂಕೆ ಮರೆಯಾಗುತ್ತದೆ. ಹೀಗಾದಾಗ ಎಲ್ಲರೂ ದೀಪ ಏರಿಸುತ್ತಾರೆ. ತಗ್ಗಿಸಬೇಕು.

ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ದುಬಾರಿ ಮಾದರಿಗೆ ಹೋಗುವ ಬದಲು ಅದೇ ದುಡ್ಡಿನಲ್ಲಿ ಬೇರೆಯದೇ ಒಂದು 850ರ ಇನ್‌ಫ್ರಾರೆಡ್ ಟಾರ್ಚ್ ಕೊಂಡು, ಒಂದೆರಡು ಮೀಟರ್ ಪಕ್ಕಕ್ಕೆ ಸ್ಟ್ಯಾಂಡ್ ಮೇಲೆ ಇಟ್ಟು, ಉಪಕರಣದ ಸ್ವಂತ ದೀಪ ಆರಿಸಿಬಿಡಿ. ಮುಂದಿನ ಹುಲ್ಲಿಗೆ ಬೆಳಕು ಬೀಳುವುದಿಲ್ಲ, ಪ್ರಾಣಿಯ ಮೈಗೆ ಓರೆಯಾಗಿ ಬಿದ್ದು ಸ್ನಾಯು, ರೋಮ, ಕಿವಿಯ ಮಡಿಕೆ ಎದ್ದು ಕಾಣುತ್ತವೆ. ನನ್ನ ಆ ಗೆಳೆಯರು ಮತ್ತೊಂದು ರಾತ್ರಿ ಅದೇ ಬೈನಾಕ್ಯುಲರಿನಲ್ಲಿ ಹೀಗೆ ಮಾಡಿ ನೋಡಿದರು. ನೀರಿಗೆ ಬಾಯಿಟ್ಟ ಹೆಣ್ಣುಜಿಂಕೆಯ ಒಂದು ಕಿವಿ ಮುಂದಕ್ಕೆ, ಇನ್ನೊಂದು ನಮ್ಮ ಕಡೆಗೆ ತಿರುಗಿದ್ದು ಕಂಡಿತು. ಮೂತಿಯಿಂದ ತೊಟ್ಟಿಕ್ಕುವ ಹನಿಗಳನ್ನು ಎಣಿಸಬಹುದಿತ್ತು.

ಸ್ವಂತ ದೀಪಕ್ಕೂ ಒಂದು ಕೆಲಸವಿದೆ, ಹುಡುಕುವ ಕೆಲಸ. ಜಿಂಕೆ, ನರಿ, ಬೆಕ್ಕಿನ ಜಾತಿಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಅದು ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವುದರಿಂದ, ದೀಪ ಲೆನ್ಸಿನ ಪಕ್ಕದಲ್ಲಿದ್ದಾಗ ಕಣ್ಣುಗಳು ಫಳಫಳ ಹೊಳೆಯುತ್ತವೆ. ಹಂದಿಗೆ ಆ ಪದರವಿಲ್ಲ, ಅದರ ಕಣ್ಣಿನ ಹೊಳಪನ್ನು ಕಾಯುತ್ತ ಕೂರಬೇಡಿ. ಕಣ್ಣು ಹೊಳೆದ ಜಾಗ ಗುರುತಿಟ್ಟುಕೊಂಡು ಪಕ್ಕದ ಟಾರ್ಚಿಗೆ ಬದಲಾಯಿಸಿ.

ಒಂದು ಜಾಗ್ರತೆ: ಹೊತ್ತಿದ ಇನ್‌ಫ್ರಾರೆಡ್ ದೀಪವನ್ನು ಹತ್ತಿರದಿಂದ ದಿಟ್ಟಿಸಬಾರದು, ಮಕ್ಕಳ ಮುಖಕ್ಕೆ ಹಿಡಿಯಬಾರದು. ಬೆಳಕು ಕಾಣದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಪಾಪೆಯೂ ಕುಗ್ಗುವುದಿಲ್ಲ.

ಹಂತ 5: ಹಿಂದಿರುಗಿಸುವ ಗಡುವಿನೊಳಗೆ ಪರೀಕ್ಷೆ

ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಅದನ್ನು ಲೆಕ್ಕಕ್ಕೆ ಇಡಬೇಡಿ. ದೀಪ ಹೊತ್ತುತ್ತದೆಯೇ ಎಂದಷ್ಟೇ ಅಲ್ಲಿ ನೋಡಿ. ಮೊಬೈಲಿನ ಮುಂಬದಿಯ ಕ್ಯಾಮೆರಾ ತೆರೆದು ದೀಪದತ್ತ ಹಿಡಿದರೆ ಸಾಮಾನ್ಯವಾಗಿ ನೇರಳೆ ಬಣ್ಣದ ಹೊಳಪು ಕಾಣುತ್ತದೆ.

ನಿಜವಾದ ಪರೀಕ್ಷೆ ಚಂದ್ರನಿಲ್ಲದ ರಾತ್ರಿ, ಬೀದಿದೀಪದಿಂದ ದೂರ. ರಟ್ಟಿನ ಮೇಲೆ ಬೆರಳಗಲದ ಕಪ್ಪು ಪಟ್ಟೆಗಳನ್ನು ಬಳಿದು 20, 50, 100 ಮೀಟರಿನಲ್ಲಿ ನಿಲ್ಲಿಸಿ. ಕಪ್ಪು ಬಟ್ಟೆ ಬಳಸಬೇಡಿ. ಎಷ್ಟೋ ಕಪ್ಪು ಬಟ್ಟೆಗಳು ಇನ್‌ಫ್ರಾರೆಡ್‌ನಲ್ಲಿ ತೆಳುಬಣ್ಣವಾಗಿ ಕಂಡು ದಾರಿ ತಪ್ಪಿಸುತ್ತವೆ. ಪಟ್ಟೆ ಎಣಿಸಲು ಬಂದ ಕೊನೆಯ ದೂರವೇ ನಿಮ್ಮ ಉಪಕರಣದ ನಿಜವಾದ ದೂರ. ಆಮೇಲೆ ಯಾರನ್ನಾದರೂ 50 ಮೀಟರಿನಲ್ಲಿ ಅಡ್ಡಲಾಗಿ ನಡೆಯಲು ಹೇಳಿ. ಕತ್ತಲಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ಹಿಡಿಯಲು ಹೋಗಿ, ನಡೆಯುವ ವ್ಯಕ್ತಿ ಹೊಗೆಯ ಎಳೆಯಂತೆ ಕಲಸಿಹೋದರೆ ಓಡುವ ಪ್ರಾಣಿ ನಿಮಗೆ ಸಿಗಲಾರದು. ವಾಪಸ್ ಕೊಟ್ಟುಬಿಡಿ.

ಸದ್ದನ್ನೂ ಗಮನಿಸಿ. ಗುಂಡಿಯ ‘ಬೀಪ್’ ಆರಿಸಲು ಬರಬೇಕು. ಹಗಲಿನಿಂದ ರಾತ್ರಿಯ ನೋಟಕ್ಕೆ ಬದಲಿಸುವಾಗ ಒಳಗಿನ ಫಿಲ್ಟರ್ ಸರಿದು ‘ಟಿಕ್’ ಎನ್ನುವುದುಂಟು. ಅದನ್ನು ತಪ್ಪಿಸಲಾಗದು, ಕೂತ ಕೂಡಲೇ ರಾತ್ರಿಯ ನೋಟಕ್ಕೆ ಹಾಕಿಟ್ಟುಕೊಳ್ಳಿ. ಪರದೆಯ ಹೊಳಪನ್ನು ಅತಿ ಕಡಿಮೆಗೆ ಇಳಿಸಿ, ಎದುರಿಗೆ ಒಬ್ಬರನ್ನು ನಿಲ್ಲಿಸಿ ನಿಮ್ಮ ಮುಖ ಕಾಣುತ್ತದೆಯೇ ಎಂದು ಕೇಳಿ. ಮುಖ ಬೆಳಗುತ್ತಿದ್ದರೆ ಕಣ್ಣಿನ ಸುತ್ತ ಕೂರುವ ರಬ್ಬರ್ ಕಪ್ ಇರುವ ಮಾದರಿಗೆ ಬದಲಾಯಿಸಿ.

ಹಂತ 6: ಉಳಿದದ್ದು

ಟ್ರೈಪಾಡ್ ಕೂರಿಸುವ ತಿರುಪಿನ ರಂಧ್ರ ಇರಲಿ. ತುಂತುರು ತಡೆಯಲು ಐಪಿಎಕ್ಸ್4 ಎಂಬ ನೀರು ತಡೆಯುವ ದರ್ಜೆ ಸಾಕು. ಬ್ಯಾಟರಿ ಹೊರಗೆ ತೆಗೆಯಲು ಬರುವಂಥದ್ದೇ ಇರಲಿ, ಪೂರ್ತಿ ದೀಪ ಹೊತ್ತಿಸಿದರೆ ಅದು ಬಹಳ ಬೇಗ ಬರಿದಾಗುತ್ತದೆ. ಹೋಗುವ ಜಾಗದಲ್ಲಿ ರಾತ್ರಿ ಪ್ರವೇಶಕ್ಕೂ ಇಂಥ ಉಪಕರಣಕ್ಕೂ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಕತ್ತಲಾಗುವ ಅರ್ಧ ಗಂಟೆ ಮೊದಲೇ ಹೋಗಿ ಕೂತು, ಹಗಲ ಬೆಳಕಿನಲ್ಲೇ ನಿಮ್ಮ ಮುಂದಿನ ಹುಲ್ಲನ್ನು ಪಕ್ಕಕ್ಕೆ ಬಾಗಿಸಿಟ್ಟು, ಫೋಕಸ್ ಉಂಗುರವನ್ನು ನೀರಿನ ಅಂಚಿಗೆ ಹೊಂದಿಸಿಟ್ಟುಕೊಳ್ಳಿ.