ಎಡಿಟ್ ಮಾಡಿದ ವಿಡಿಯೊವನ್ನು ಮತ್ತೆ ಟೇಪಿಗೆ ಇಳಿಸುವುದು ಹೇಗೆ?

ಮದುವೆ ವಿಡಿಯೊ ಎಡಿಟಿಂಗ್ ಅಂತೂ ಮುಗಿಯಿತು. ಆದರೆ ಮಿನಿ ಡಿವಿಯ (ಕ್ಯಾಮೆರಾದೊಳಗೆ ಹಾಕುವ ಚಿಕ್ಕ ಡಿಜಿಟಲ್ ಟೇಪಿನ) ಒಂದು ಗಂಟೆ ವಿಡಿಯೊ ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. 40 ಜಿಬಿ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ದಿನ ಇಟ್ಟುಕೊಳ್ಳಲು ಸಾಧ್ಯ? ಅಳಿಸುವ ಮೊದಲು ಟೇಪಿಗೆ ಇಳಿಸಿಕೊಳ್ಳಿ. ಅದೂ ನೇರವಾಗಿ ವಿಎಚ್‌ಎಸ್‌ಗೆ (ಮನೆಯ ವಿಸಿಆರ್ ಯಂತ್ರಕ್ಕೆ ಹಾಕುವ ದೊಡ್ಡ ಕ್ಯಾಸೆಟ್ಟಿಗೆ) ಬೇಡ, ಮೊದಲು ಮಿನಿ ಡಿವಿ ಟೇಪಿಗೆ. ಕ್ಯಾಮೆರಾ ಮತ್ತು ಕಂಪ್ಯೂಟರನ್ನು ಜೋಡಿಸುವ ಫೈರ್‌ವೈರ್ ಕೇಬಲ್ಲಿನಲ್ಲಿ ಹೋಗುವುದು ಬರೀ ಅಂಕಿಗಳು, ಹಾಗಾಗಿ ಚಿತ್ರ ಮಾಸುವುದಿಲ್ಲ. ನಾಳೆ ಎಷ್ಟು ಕಾಪಿ ಬೇಕಾದರೂ ಅದರಿಂದಲೇ ತೆಗೆಯಬಹುದು.

ಮೊದಲು ಕ್ಯಾಮೆರಾದ ಡಿವಿ ಕಿಂಡಿಯ (ಫೈರ್‌ವೈರ್ ಕೇಬಲ್ ಚುಚ್ಚುವ ಜಾಗದ) ಪಕ್ಕ ಏನು ಬರೆದಿದೆ ನೋಡಿ. ‘ಡಿವಿ ಇನ್/ಔಟ್’ ಇದ್ದರೆ ಸರಿ. ಬರೀ ‘ಡಿವಿ ಔಟ್’ ಇದ್ದರೆ ಆ ಕ್ಯಾಮೆರಾ ಕಂಪ್ಯೂಟರಿನಿಂದ ರೆಕಾರ್ಡ್ ಮಾಡಿಕೊಳ್ಳುವುದಿಲ್ಲ, ಬೇರೆ ಕ್ಯಾಮೆರಾ ಹುಡುಕಬೇಕು. ಸೋನಿಯವರು ಇದೇ ಕಿಂಡಿಯನ್ನು ಐ-ಲಿಂಕ್ ಎನ್ನುತ್ತಾರೆ. ಕ್ಯಾಮೆರಾ ಕಡೆ ಸಾಮಾನ್ಯವಾಗಿ 4 ಪಿನ್, ಡೆಸ್ಕ್‌ಟಾಪ್ ಕಡೆ 6 ಪಿನ್. ಕ್ಯಾಮೆರಾ ಆಫ್ ಮಾಡಿಯೇ ಕೇಬಲ್ ಚುಚ್ಚಿ. 6 ಪಿನ್ನಿನಲ್ಲಿ ಕರೆಂಟೂ ಹರಿಯುತ್ತದೆ, ತಿರುಗಾಮುರುಗಾ ಒತ್ತಿದರೆ ಕಿಂಡಿಯೇ ಸುಟ್ಟುಹೋಗಬಹುದು.

ಬ್ಯಾಟರಿ ನಂಬಬೇಡಿ, ಅಡಾಪ್ಟರ್ ಹಾಕಿ. ಟೇಪಿನ ಬೆನ್ನಿನಲ್ಲಿರುವ ಚಿಕ್ಕ ಗುಂಡಿ ‘ರೆಕ್’ ಕಡೆ ಇರಲಿ, ‘ಸೇವ್’ ಕಡೆ ಇದ್ದರೆ ರೆಕಾರ್ಡ್ ಆಗದು. ಹೊಸ ಟೇಪಾದರೆ ಲೆನ್ಸ್ ಮುಚ್ಚಳ ಹಾಕಿಯೇ ಅರ್ಧ ನಿಮಿಷ ಕಪ್ಪು ರೆಕಾರ್ಡ್ ಮಾಡಿ, ಸ್ವಲ್ಪ ಹಿಂದೆ ಸುತ್ತಿ ನಿಲ್ಲಿಸಿ. ಟೇಪಿನ ಮೊದಲ ತುದಿಯೇ ಜಾಸ್ತಿ ಸವೆಯುವುದು. ಅಲ್ಲಿ ಮಂಟಪದ ಗಣಪತಿ ಪೂಜೆ ಬರುವುದು ಬೇಡ, ಅಲ್ವಾ? ಆಮೇಲೆ ಕ್ಯಾಮೆರಾವನ್ನು ವಿಸಿಆರ್ ಅಥವಾ ಪ್ಲೇ ಮೋಡಿಗೆ ತನ್ನಿ.

ಎಡಿಟ್ ಮಾಡಿದ ಪ್ರಾಜೆಕ್ಟ್ ಯಾವ ಟಿವಿ ಪದ್ಧತಿಯದು ಎಂದು ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಪಾಲ್: 720×576, ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್). ಅಮೆರಿಕದಿಂದ ಅಣ್ಣ ತಂದುಕೊಟ್ಟ ಕ್ಯಾಮೆರಾ ಆದರೆ ಅದು ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ ಇರುತ್ತದೆ, ಎರಡನ್ನೂ ಬೆರೆಸಲು ಹೋಗಬೇಡಿ.

ವಿಂಡೋಸ್ ಎಕ್ಸ್‌ಪಿಯ ಮೂವಿ ಮೇಕರ್ 2ರಲ್ಲಿ ‘ಸೆಂಡ್ ಟು ಡಿವಿ ಕ್ಯಾಮೆರಾ’ ಒತ್ತಿ. ಅದು ಮೊದಲು ಡಿಸ್ಕಿನಲ್ಲೇ ಪೂರ್ತಿ ಸಿನಿಮಾ ತಯಾರಿಸಿಕೊಂಡು ನಂತರ ಟೇಪಿಗೆ ಕಳಿಸುತ್ತದೆ, ಅದಕ್ಕೂ ಜಾಗ ಬಿಟ್ಟಿರಿ. ಎಡಿಟಿಂಗಿಗೆ ಹಳೆಯ ಪ್ರೀಮಿಯರ್ ಪ್ರೋ ಬಳಸುವವರಿಗೆ ‘ಎಕ್ಸ್‌ಪೋರ್ಟ್ ಟು ಟೇಪ್’ ಇದೆ.

ಇನ್ನು ಮುಖ್ಯ ಮಾತು. ಒಂದು ಗಂಟೆಯ ವಿಡಿಯೊ ಇಳಿಯಲು ಒಂದು ಗಂಟೆಯೇ ಬೇಕು. ಸೆಕೆಂಡಿಗೆ ಸುಮಾರು 3.6 ಎಂಬಿ, ನಡುವೆ ತಡೆಯಿಲ್ಲದೆ ಹರಿಯಬೇಕು. ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಬೇರೆ ಕೆಲಸ ಹೇಳಬೇಡಿ. ನನ್ನ ತಂಗಿಯ ಮದುವೆಯ ಟೇಪಿನಲ್ಲಿ ಧಾರೆಯ ಹೊತ್ತಿಗೇ ಚಿತ್ರ ತಡವರಿಸಿದೆ. ಅಮ್ಮನ ಕೈಯ ಬೆಳ್ಳಿ ಗಿಂಡಿಯಿಂದ ಹಾಲು ಇನ್ನೇನು ಬೀಳಬೇಕು, ಅಲ್ಲೇ ನಿಂತಿದೆ. ಮುಂದಿನ ಚಿತ್ರದಲ್ಲಿ ಗಿಂಡಿ ಖಾಲಿ. ಆಂಟಿವೈರಸ್ ತನ್ನಷ್ಟಕ್ಕೆ ತಾನೇ ಸ್ಕ್ಯಾನ್ ಶುರು ಮಾಡಿತ್ತು. ನಾನು ಕಾಫಿ ಕುಡಿಯಲು ಎದ್ದು ಹೋಗಿದ್ದೆ. ಮತ್ತೆ ಮೊದಲಿನಿಂದ ಇಳಿಸಬೇಕಾಯಿತು. ಆದ್ದರಿಂದ ಆಂಟಿವೈರಸ್, ಸ್ಕ್ರೀನ್ ಸೇವರ್ ನಿಲ್ಲಿಸಿ, ಇಂಟರ್ನೆಟ್ ಕಳಚಿ. ಸುಮ್ನೆ ಪಕ್ಕದಲ್ಲಿ ಕೂತು ಕ್ಯಾಮೆರಾದ ಪರದೆ ನೋಡುತ್ತಿರಿ.

ಮುಗಿದ ಮೇಲೆ ಟೇಪನ್ನು ಪೂರ್ತಿ ನೋಡಿ, ಆಮೇಲೆಯೇ ಡಿಸ್ಕಿನಿಂದ ಅಳಿಸಿ. ಗುಂಡಿಯನ್ನು ‘ಸೇವ್’ ಕಡೆ ಸರಿಸಿ.

ಊರಿನಲ್ಲಿರುವ ಅಜ್ಜಿಗೆ ವಿಎಚ್‌ಎಸ್ ಬೇಕೇ? ಈಗ ಕಂಪ್ಯೂಟರೇ ಬೇಡ. ಕ್ಯಾಮೆರಾದ ಎವಿ ಕೇಬಲ್ಲನ್ನು ವಿಸಿಆರ್‌ನ ‘ಎವಿ ಇನ್’ಗೆ ಹಾಕಿ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ವಿಸಿಆರನ್ನು ಎವಿ ಚಾನೆಲ್ಲಿಗೆ ತಂದು, ವೇಗ ಎಸ್‌ಪಿ (ಸಾಮಾನ್ಯ ವೇಗ) ಇಡಿ. ಇ-180 ಕ್ಯಾಸೆಟ್ಟಿನಲ್ಲಿ ಮೂರು ಗಂಟೆ ಹಿಡಿಯುತ್ತದೆ. ಮೊದಲು ವಿಸಿಆರ್ ರೆಕಾರ್ಡ್ ಒತ್ತಿ, ಐದು ಸೆಕೆಂಡ್ ಬಿಟ್ಟು ಕ್ಯಾಮೆರಾ ಪ್ಲೇ ಮಾಡಿ. ಕ್ಯಾಸೆಟ್ ತೆಗೆದ ಕೂಡಲೇ ಅದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಇಲ್ಲದಿದ್ದರೆ ಯಾರಾದರೂ ಅದರ ಮೇಲೆ ಧಾರಾವಾಹಿ ರೆಕಾರ್ಡ್ ಮಾಡಿಬಿಟ್ಟಾರು, ಅಜ್ಜಿಗೆ ಮೊಮ್ಮಗಳ ಧಾರೆ ನೋಡಲು ಸಿಗುವುದಿಲ್ಲ.