‘ಟೂ’ ಎಲ್ಲಿ, ‘ವೆರಿ’ ಎಲ್ಲಿ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಸಲೀಸಾಗಿ ಸುಧಾರಿಸುತ್ತಾರೆ. ಇಂಗ್ಲಿಷಿನ ‘ಟೂ’ ಬಂದರೆ ಮಾತ್ರ ತಡವರಿಕೆ. ‘ವೆರಿ’ಗೂ ‘ಟೂ’ಗೂ ‘ತುಂಬಾ’ ಅಂತಲೇ ಅರ್ಥ ಬರೆದುಕೊಂಡರೆ ಇನ್ನೇನಾಗುತ್ತದೆ?

ಮೊದಲು ಒಂದು ಪರೀಕ್ಷೆ ಮಾಡಿ. ವಾಕ್ಯದ ಹಿಂದೆ ‘ಹಾಗಾಗಿ ಆಗುವುದಿಲ್ಲ’ ಅನ್ನುವ ಮಾತು ಅಡಗಿದೆಯೇ? ಇದ್ದರೆ ‘ಟೂ’. ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನ ಅಂದುಕೊಳ್ಳಿ. ‘ದಿ ರೇನ್ ಈಸ್ ವೆರಿ ಹೆವಿ’ ಅಂದರೆ ಮಳೆ ಜೋರಾಗಿದೆ, ಅಷ್ಟೇ. ‘ಟೂ ಹೆವಿ’ ಅಂದರೆ ಇವತ್ತು ಬೇಡ, ಬಿಟ್ಟ ಮದ್ದೆಲ್ಲ ತೊಳೆದುಹೋಗುತ್ತದೆ.

ಏನು ಆಗುವುದಿಲ್ಲ ಅಂತ ಬಿಡಿಸಿ ಹೇಳಬೇಕಾದರೆ ಮುಂದೆ ‘ಟು’ ಮತ್ತು ಕ್ರಿಯಾಪದ ಸೇರಿಸಿ: ‘ದಿ ನಟ್ಸ್ ಆರ್ ಟೂ ವೆಟ್ ಟು ಸೆಲ್’. ಅಡಿಕೆ ಒಣಗಿಲ್ಲ, ಮಾರುವ ಹಾಗಿಲ್ಲ. ಮೊದಲನೆಯದಕ್ಕೆ ಎರಡು ‘ಓ’, ಎರಡನೆಯದಕ್ಕೆ ಒಂದೇ. ‘ನಾಟ್’ ಹಾಕಬೇಡಿ, ‘ಇಲ್ಲ’ ಅನ್ನುವುದು ‘ಟೂ’ ಒಳಗೇ ಇದೆ. ಪರೀಕ್ಷೆಯಲ್ಲಿ ‘ಸೋ... ದ್ಯಾಟ್’ಗೆ ಬದಲಾಯಿಸಿ ಅಂದರೆ ಆ ‘ನಾಟ್’ ಹೊರಗೆ ಬರಬೇಕು: ‘ಸೋ ವೆಟ್ ದ್ಯಾಟ್ ವಿ ಕೆನಾಟ್ ಸೆಲ್ ದೆಮ್’. ಕೊನೆಯ ‘ದೆಮ್’ ನೋಡಿದಿರಲ್ವಾ? ‘ಟೂ’ ವಾಕ್ಯದಲ್ಲಿ ಅದು ಇರಲಿಲ್ಲ. ಅಂಕ ಹೋಗುವುದು ಇಂಥ ಕಡೆಯೇ.

ನಾಮಪದ ಬಂದರೆ ಬರೀ ‘ಟೂ’ ಸಾಲದು. ಎಣಿಸಲಾಗದ್ದಕ್ಕೆ ‘ಟೂ ಮಚ್ ಸಾಲ್ಟ್’, ಎಣಿಸುವುದಕ್ಕೆ ‘ಟೂ ಮೆನಿ ಕೋಕೊನಟ್ಸ್’. ಆದರೆ ಗಂಜಿ ಬಾಯಿ ಸುಡುವಷ್ಟು ಬಿಸಿಯಿದ್ದರೆ ‘ಟೂ ಮಚ್ ಹಾಟ್’ ಅನ್ನಬೇಡಿ. ‘ಟೂ ಹಾಟ್’ ಸಾಕು. ಒತ್ತಿ ಹೇಳಲೇಬೇಕೆಂದರೆ ‘ಮಚ್ ಟೂ ಹಾಟ್’.

ರಾತ್ರಿಯ ಯಕ್ಷಗಾನ ಆಟ ನೋಡಿ ಬಂದು ‘ಟೂ ಗುಡ್’ ಅನ್ನುತ್ತೀರಾ? ಗೆಳೆಯರ ನಡುವೆ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ‘ವೆರಿ ಗುಡ್’ ಬರೆಯಿರಿ.

ಇದೇ ‘ಟೂ’ ವಾಕ್ಯದ ಕೊನೆಯಲ್ಲಿ ಕೂತರೆ ಸಾಮಾನ್ಯವಾಗಿ ‘ಕೂಡ’ ಅಂತ ಅರ್ಥ. ‘ಐ ಸ್ಪೀಕ್ ತುಳು, ಟೂ’ ಅಂದರೆ ನನಗೆ ತುಳು ಕೂಡ ಬರುತ್ತದೆ. ಬರದಿದ್ದವರು ಅಲ್ಲಿ ‘ಟೂ’ ಬಿಟ್ಟು ‘ಐದರ್’ ಹಾಕಬೇಕು: ‘ಐ ಡೋಂಟ್ ಸ್ಪೀಕ್ ತುಳು, ಐದರ್’.