ಹಳೆಯ ಲ್ಯಾಪ್‌ಟಾಪನ್ನು ಮನೆಯ ಜಾಲಕ್ಕೆ ಜೋಡಿಸುವ ಬಗೆ

ವಿಂಡೋಸ್ ಎಕ್ಸ್‌ಪಿ ಕಾಲದ ಲ್ಯಾಪ್‌ಟಾಪನ್ನು ಮನೆಯ ರೂಟರಿಗೆ ಜೋಡಿಸುವ ಮುನ್ನ, ಅದು ಯಾವ ಕೆಲಸಕ್ಕಾಗಿ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಇಂಟರ್‌ನೆಟ್ ನೋಡುವುದಕ್ಕಾದರೆ ಆ ಶ್ರಮವೇ ಬೇಡ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ಮುಗಿದಿದೆ. ಅದರೊಳಗೆ ಉಳಿದ ಬರಹಗಳನ್ನು, ಫೋಟೋಗಳನ್ನು ಹೊರತೆಗೆಯುವುದಕ್ಕಾದರೆ ಜೋಡಣೆ ಖಂಡಿತವಾಗಿ ಸಾರ್ಥಕ. ವಿಜಯಪುರದ ನಮ್ಮ ಮನೆಯಲ್ಲಿ ತಂದೆಯವರು ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಉಪನ್ಯಾಸಗಳು ಇಂಥದೊಂದು ಯಂತ್ರದಲ್ಲಿದ್ದವು. ಅದರ ಎರಡೂ ಯುಎಸ್‌ಬಿ ಕಿಂಡಿಗಳು ಕೆಟ್ಟಿದ್ದರಿಂದ ಪೆನ್ ಡ್ರೈವ್ ಉಪಯೋಗಕ್ಕೆ ಬರಲಿಲ್ಲ, ಜಾಲವೊಂದೇ ದಾರಿಯಾಗಿತ್ತು.

ಯಂತ್ರವನ್ನು ಚಾಲೂ ಮಾಡುವ ಮೊದಲು ಫ್ಯಾನಿನ ಜಾಲರಿಯಲ್ಲಿ ಕುಳಿತ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಹಳೆಯ ಬ್ಯಾಟರಿ ಸಾಮಾನ್ಯವಾಗಿ ಸತ್ತಿರುತ್ತದೆ. ಕಡತ ಸಾಗುತ್ತಿರುವಾಗ ಕರೆಂಟ್ ಹೋದರೆ ಯಂತ್ರ ಒಮ್ಮೆಲೇ ಆರುವುದರಿಂದ ಅಡಾಪ್ಟರನ್ನು ಯುಪಿಎಸ್‌ಗೆ ಹಚ್ಚುವುದು ಒಳ್ಳೆಯದು. ರೂಟರಿಗೂ ಇದೇ ಏರ್ಪಾಡು ಬೇಕು.

ವೈಫೈ ಆಸೆಯನ್ನು ಬಿಡುವುದೇ ಲೇಸು. 1999ರ 802.11ಬಿ ಎಂಬ ವೈಫೈ ಮಾನದಂಡದ ಕಾರ್ಡುಗಳ ವೇಗ ಹೆಚ್ಚೆಂದರೆ 11 ಎಂಬಿಪಿಎಸ್. 5 ಗಿಗಾಹರ್ಟ್ಸ್‌ನ ಸಂಕೇತ ಅವಕ್ಕೆ ಕಾಣುವುದೇ ಇಲ್ಲ. ಎಕ್ಸ್‌ಪಿಯ 2008ರ ಪರಿಷ್ಕರಣೆಯಾದ ಸರ್ವಿಸ್ ಪ್ಯಾಕ್ 3ರಲ್ಲಿ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಸೌಲಭ್ಯ ಸೇರಿದೆಯಾದರೂ, ಕಾರ್ಡು ಮತ್ತು ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಅದನ್ನು ಅರಿಯದಿದ್ದರೆ ಪ್ರಯೋಜನವಿಲ್ಲ. ಆಗ ರೂಟರನ್ನೇ ಹಳೆಯ, ದುರ್ಬಲ ಭದ್ರತಾ ವಿಧಾನವಾದ ಡಬ್ಲ್ಯುಇಪಿಗೆ ಇಳಿಸಬೇಕೆಂಬ ಯೋಚನೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಯಂತ್ರಕ್ಕಾಗಿ ಮನೆಯವರೆಲ್ಲರ ಮೊಬೈಲು, ಬ್ಯಾಂಕಿನ ವ್ಯವಹಾರಗಳ ಕಾವಲು ಸಡಿಲವಾಗುತ್ತದೆ. ನಮ್ಮ ಭಾಗದ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳನ್ನು ದಾಟುವಷ್ಟರಲ್ಲಿ ಹೊಸ ಫೋನಿನ ಸಂಕೇತವೇ ಕ್ಷೀಣಿಸುತ್ತದೆಂಬುದನ್ನೂ ನೆನಪಿಡಬೇಕು.

ಲ್ಯಾಪ್‌ಟಾಪಿನ ಪಕ್ಕದಲ್ಲಿ ಲ್ಯಾನ್ ಕಿಂಡಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಯಾಟ್ 5ಇ ಎಂಬ ಬಗೆಯ ಒಂದು ಜಾಲದ ಕೇಬಲ್ ಸಾಕು. ಹಳೆಯ ಕಾರ್ಡು 10 ಅಥವಾ 100 ಎಂಬಿಪಿಎಸ್‌ನದಾಗಿದ್ದರೂ ಇಂದಿನ ಸಾಮಾನ್ಯ ರೂಟರ್ ತಾನಾಗಿ ಆ ವೇಗಕ್ಕೆ ಹೊಂದಿಕೊಳ್ಳುತ್ತದೆ. ರೂಟರ್ ಪಡಸಾಲೆಯಲ್ಲಿದ್ದರೆ ಲ್ಯಾಪ್‌ಟಾಪನ್ನೇ ಅಲ್ಲಿಗೆ ಒಯ್ಯಿರಿ. ಬೆಳಕಿಂಡಿಯಿಂದ ಕೇಬಲ್ ಎತ್ತಿ ಮಾಳಿಗೆಯ ಮೇಲೆ ಹಾಯಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಳಾಂಗಣದ ಕೇಬಲಿನ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ, ಅಲ್ಲದೆ ಸಿಡಿಲಿನ ಕಾಲದಲ್ಲಿ ಅದು ಅಪಾಯವನ್ನು ಮನೆಯೊಳಕ್ಕೆ ಕರೆತರಬಹುದು. ಲ್ಯಾನ್ ಕಿಂಡಿ ಇಲ್ಲದಿದ್ದರೆ ಪಕ್ಕದ ಗೂಡಿನಲ್ಲಿ ಕೂರುವ, ಲ್ಯಾನ್ ಕಿಂಡಿಯುಳ್ಳ ಪಿಸಿ ಕಾರ್ಡನ್ನು ಹುಡುಕಬೇಕು. ತೀರ ಹಳೆಯ 16 ಬಿಟ್‌ನ ಗೂಡಿನಲ್ಲಿ 32 ಬಿಟ್‌ನ ಕಾರ್ಡ್‌ಬಸ್ ಕಾರ್ಡು ಕೂರುವುದಿಲ್ಲವಾದ್ದರಿಂದ ಕೊಳ್ಳುವ ಮೊದಲು ವಿಚಾರಿಸಿಕೊಳ್ಳಿ.

ಇನ್ನು ಜಾಲದಲ್ಲಿ ಯಂತ್ರವನ್ನು ಗುರುತಿಸುವ ವಿಳಾಸದ ಮಾತು. ಇಡೀ ಕೆಲಸದ ಸುರಕ್ಷತೆ ಇದರಲ್ಲಿ ಅಡಗಿದೆ. ಕಂಟ್ರೋಲ್ ಪ್ಯಾನಲಿನ ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ಟಿಸಿಪಿ/ಐಪಿಯ ಗುಣಲಕ್ಷಣಗಳನ್ನು ತೆರೆದು, ವಿಳಾಸವನ್ನು ನೀವೇ ಬರೆಯಿರಿ. ರೂಟರಿನ ವಿಳಾಸ 192.168.1.1 ಆಗಿದ್ದರೆ ಲ್ಯಾಪ್‌ಟಾಪಿಗೆ 192.168.1.250 ಎಂಬಂಥದ್ದನ್ನು, ಸಬ್‌ನೆಟ್ ಮಾಸ್ಕ್ ಜಾಗದಲ್ಲಿ 255.255.255.0 ಅನ್ನು ಕೊಡಿ. ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಲ್ಲಿ ಇದು ಇರಬಾರದು. ಡೀಫಾಲ್ಟ್ ಗೇಟ್‌ವೇ (ಹೊರಜಾಲಕ್ಕೆ ಹೋಗುವ ದ್ವಾರ) ಮತ್ತು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಜಾಗಗಳನ್ನು ಖಾಲಿ ಬಿಡಿ. ಗೇಟ್‌ವೇ ಇಲ್ಲದ ಯಂತ್ರ ಮನೆಯೊಳಗಿನ ಕಂಪ್ಯೂಟರುಗಳೊಂದಿಗೆ ಮಾತಾಡಬಲ್ಲದು, ಹೊಸ್ತಿಲು ದಾಟಿ ಇಂಟರ್‌ನೆಟ್ಟಿಗೆ ಹೋಗಲಾರದು. ನಮಗೆ ಬೇಕಾದದ್ದೂ ಅಷ್ಟೇ. ನಂತರ ಕಮಾಂಡ್ ಪ್ರಾಂಪ್ಟಿನಲ್ಲಿ ರೂಟರಿಗೂ ಕಡತಗಳನ್ನು ಪಡೆಯಬೇಕಾದ ಹೊಸ ಕಂಪ್ಯೂಟರಿಗೂ ಪಿಂಗ್ (ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸುವ ಆಜ್ಞೆ) ಮಾಡಿ ನೋಡಿ. ರೂಟರ್ ಉತ್ತರಿಸಿ ಹೊಸ ಕಂಪ್ಯೂಟರ್ ಉತ್ತರಿಸದಿದ್ದರೆ ಗಾಬರಿ ಬೇಡ, ಅದರ ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಪಿಂಗನ್ನು ತಡೆಯುತ್ತಿರಬಹುದು.

ಕಡತಗಳನ್ನು ಸಾಗಿಸಲು ವಿಂಡೋಸ್‌ನ ಹಂಚಿಕೆಯ ಫೋಲ್ಡರನ್ನು ತೆರೆಯಲು ಹೋದರೆ ಎಡವುತ್ತೀರಿ. ಎಕ್ಸ್‌ಪಿಗೆ ಗೊತ್ತಿರುವುದು ಜಾಲದಲ್ಲಿ ಕಡತ ಹಂಚುವ ನಿಯಮಾವಳಿಯಾದ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ, 2017ರ ನಂತರದ ವಿಂಡೋಸ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಆ ಆವೃತ್ತಿಯ ದೋಷದ ಮೂಲಕವೇ. ಆದ್ದರಿಂದ ಹೊಸ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಎಬ್ಬಿಸುವುದು ತರವಲ್ಲ. ಬದಲಾಗಿ ಹೊಸ ಕಂಪ್ಯೂಟರಿನಲ್ಲಿ ಜಾಲದ ಮೂಲಕ ಕಡತ ಸಾಗಿಸುವ ಒಂದು ಎಫ್‌ಟಿಪಿ ಸರ್ವರ್ ಹಾಕಿ, ಹಳೆಯ ಯಂತ್ರಕ್ಕೆ ಅರ್ಥವಾಗುವ, ಗೂಢಲಿಪಿಯಿಲ್ಲದ ಸಾದಾ ಎಫ್‌ಟಿಪಿಗೆ ಅನುಮತಿ ಕೊಟ್ಟು, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಫೈರ್‌ವಾಲಿನಲ್ಲಿ ಆ ಸರ್ವರಿಗೆ ಮನೆಯ ಜಾಲದ ಮಟ್ಟಿಗೆ ಮಾತ್ರ ದಾರಿ ಬಿಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ಆಜ್ಞೆ ಮೊದಲಿನಿಂದಲೂ ಇದೆ. ಒಳಹೊಕ್ಕ ಕೂಡಲೇ ಬೈನರಿ (binary) ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು, ಇಲ್ಲವಾದರೆ ಅದು ಎಲ್ಲವನ್ನೂ ಸಾದಾ ಪಠ್ಯವೆಂದು ಭಾವಿಸುವುದರಿಂದ ಫೋಟೋಗಳೂ ವರ್ಡ್ ಕಡತಗಳೂ ಕೆಡಬಹುದು. ಹಳೆಯ ಹಾರ್ಡ್‌ಡಿಸ್ಕ್ ಯಾವ ಕ್ಷಣದಲ್ಲಿ ನಿಲ್ಲುವುದೋ ಹೇಳಲಾಗದು. ಎಲ್ಲಕ್ಕಿಂತ ಅಮೂಲ್ಯವಾದ ಕಡತವನ್ನೇ ಮೊದಲು ಕಳಿಸಿ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಕಡತ ಕೆಟ್ಟಿತೆಂದು ಅಳಿಸಬೇಡಿ. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಇಟ್ಟಿದ್ದವು. ಅದೇ ಫಾಂಟನ್ನು ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ತಂದು ಹಾಕಿಕೊಂಡರೆ ಬರಹ ಮೊದಲಿನಂತೆ ಕಾಣುತ್ತದೆ. ಬಳಿಕ ಪರಿವರ್ತಕದಿಂದ ಇಂದಿನ ಕಂಪ್ಯೂಟರುಗಳೆಲ್ಲ ಅರಿಯುವ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ಓದಿ ತಿದ್ದಿಕೊಳ್ಳಿ. ಮೂಲ ಕಡತದ ಒಂದು ಪ್ರತಿಯನ್ನು ಹಾಗೆಯೇ ಉಳಿಸಿಕೊಂಡು, ಎಫ್‌ಟಿಪಿ ಸರ್ವರನ್ನು ನಿಲ್ಲಿಸಿ, ಕೇಬಲನ್ನು ಕಳಚಿ.